ಹಿಟ್ ಪಾಯಿಂಟ್‌ಗೆ ದಾಳ ಹಾಕುವುದಾ, ಪುಸ್ತಕದ ಅಂಕಿ ಬರೆದುಕೊಳ್ಳುವುದಾ?

ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಆಡುವ ಆಟ ನಮ್ಮದು. ಪಾತ್ರ ಎಷ್ಟು ಪೆಟ್ಟು ತಾಳುತ್ತದೆ ಅನ್ನುವ ಲೆಕ್ಕವೇ ಹಿಟ್ ಪಾಯಿಂಟ್. ಅದಕ್ಕೆ ಹಾಕಲು ಅಂತ ಲೋಹದ ದಾಳದ ಸೆಟ್ಟಿಗೆ 1,200 ರೂಪಾಯಿ ಕೊಟ್ಟೆ. ಹಳೇ ಪ್ಲಾಸ್ಟಿಕ್ ದಾಳಕ್ಕೆ ಶನಿ ಹಿಡಿದಿದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸಿಬಿಟ್ಟಿತ್ತು. ಹೊಸದನ್ನು ಬಿಚ್ಚಿ ಮೇಜಿನ ಮೇಲೆ ಉರುಳಿಸಿದೆ. ಹತ್ತು ಮುಖದ ದಾಳದಲ್ಲಿ ಮೂರು ಬಿತ್ತು. ಜೊತೆಗೆ ಮೇಜಿನ ಪಾಲಿಶ್ ಕೂಡ ಕಿತ್ತು ಬಂತು. ಆವತ್ತಿನಿಂದ ನಾನು ಪುಸ್ತಕದ ಅಂಕಿಯ ಪಾರ್ಟಿ. ಹಾಗಾಗಿ ಇಲ್ಲಿ ನನ್ನಿಂದ ನ್ಯಾಯ ನಿರೀಕ್ಷಿಸಬೇಡಿ.

ನಾವು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿ, 2014ರ ನಿಯಮ. ಪಾತ್ರ ಪಳಗಿದ ಹಾಗೆ ಲೆವೆಲ್ ಏರುತ್ತದೆ, ಜೊತೆಗೆ ಹಿಟ್ ಪಾಯಿಂಟೂ ಏರುತ್ತದೆ. ಮೊದಲ ಲೆವೆಲ್‌ನಲ್ಲಿ ತಕರಾರಿಲ್ಲ. ಕ್ಲಾಸಿನ, ಅಂದರೆ ಪಾತ್ರದ ಕಸುಬಿನ, ದಾಳದ ಪೂರ್ತಿ ಅಂಕಿ, ಅದಕ್ಕೆ ಕಾನ್‌ಸ್ಟಿಟ್ಯೂಷನ್ ಮಾಡಿಫೈಯರ್, ಅಂದರೆ ಮೈಯ ಗಟ್ಟಿತನಕ್ಕೆ ತಕ್ಕ ಅಂಕಿ. ನನ್ನ ಪಾತ್ರ ಬೀರ ಒಬ್ಬ ಫೈಟರ್, ಕಾದಾಳು. ಅವನದು ಹತ್ತು ಮುಖದ ದಾಳ, 10ಕ್ಕೆ 2 ಸೇರಿ 12. ಎರಡನೇ ಲೆವೆಲ್‌ನಿಂದ ಎರಡು ದಾರಿ. ದಾಳ ಹಾಕಿ ಬಿದ್ದದ್ದನ್ನು ಕೂಡಿಸಬಹುದು, ಇಲ್ಲವೇ ಪುಸ್ತಕ ಕೊಟ್ಟ ಅಂಕಿ ತೆಗೆದುಕೊಳ್ಳಬಹುದು: ಆರು ಮುಖದ ದಾಳಕ್ಕೆ 4, ಎಂಟಕ್ಕೆ 5, ಹತ್ತಕ್ಕೆ 6, ಹನ್ನೆರಡಕ್ಕೆ 7. ಎರಡರಲ್ಲೂ ಮಾಡಿಫೈಯರ್ ಸೇರುತ್ತದೆ. ನಮ್ಮ ಗುಂಪಿನವರೆಲ್ಲ 'ಥ್ರಿಲ್ ಇರಬೇಕು ಕಣೋ' ಅಂತ ದಾಳಕ್ಕೇ ಕೈ ಎತ್ತಿದರು. ನಾನೂ ಎತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಬೀರನಿಗೆ ಸಾಲಾಗಿ ಬಿದ್ದದ್ದು 1, 2, 1, ಆಮೇಲೆ ಆ ಲೋಹದ 3. ಐದನೇ ಲೆವೆಲ್‌ಗೆ ಬಂದಾಗ ಅವನ ಹಿಟ್ ಪಾಯಿಂಟ್ 27. ಪುಸ್ತಕದ ಅಂಕಿ ತೆಗೆದುಕೊಂಡಿದ್ದರೆ 44 ಇರುತ್ತಿತ್ತು. ನಾಲ್ಕು ಸಲ ಹಾಕಿ ಒಟ್ಟು ಏಳು ಅಥವಾ ಅದಕ್ಕಿಂತ ಕಡಿಮೆ ಬೀಳುವುದು 10,000ಕ್ಕೆ 35 ಸಲ ಮಾತ್ರ. ಆ 35ರಲ್ಲಿ ನಾನೊಬ್ಬ. ಅತ್ತ ವಿಜರ್ಡ್ ಆಡುವ ನನ್ನ ಚಿಕ್ಕಮ್ಮನ ಮಗನಿಗೆ ಆರು ಮುಖದ ದಾಳದಲ್ಲೇ 6, 5, 6, 6. ಅವನದು 39. ಬೆಡ್‌ಶೀಟ್ ಸುತ್ತಿಕೊಂಡಂಥ ನಿಲುವಂಗಿಯ ಮಂತ್ರವಾದಿ ಬಂಡೆಯ ಹಾಗೆ ನಿಂತಿದ್ದಾನೆ. ಕಬ್ಬಿಣದ ಕವಚ ತೊಟ್ಟ ನನ್ನ ಬೀರ ಅವನ ಹಿಂದೆ ಅವಿತುಕೊಳ್ಳುತ್ತಾನೆ.

ನನಗೆ ಸಿಟ್ಟು ಬಂದದ್ದು ಸೋತಿದ್ದಕ್ಕಲ್ಲ. ಚೌಕಾಬಾರದಲ್ಲಿ ಒಂದು ಬಿದ್ದರೆ ಏನಾಯಿತು? ಮುಂದಿನ ಸರದಿಯಲ್ಲಿ ಎಂಟು ಬೀಳಬಹುದು. ಈ ಆಟದಲ್ಲೂ ಕತ್ತಿ ಬೀಸಿ ತಪ್ಪಿದರೆ ಕಥೆಯಲ್ಲಿ ಆರು ಸೆಕೆಂಡಿನ ಮಾತು, ಮುಂದಿನ ಸುತ್ತು ಬಂದೇ ಬರುತ್ತದೆ. ಹಿಟ್ ಪಾಯಿಂಟ್ ದಾಳ ಹಾಗಲ್ಲ. ಅದು ಒಂದೇ ಸಲ ಉರುಳುತ್ತದೆ, ಹಾಳೆಯಲ್ಲಿ ಕೂತುಬಿಡುತ್ತದೆ. ನಾವು ತಿಂಗಳಿಗೆ ಎರಡು ಭಾನುವಾರ ಸೇರುತ್ತೇವೆ, ಲೆವೆಲ್ ಏರಲು ಮೂರು ತಿಂಗಳು ಬೇಕು. ಅಂದರೆ ಒಂದು ಕೆಟ್ಟ ದಾಳದ ಜೊತೆ ಮೂರು ತಿಂಗಳ ಸಂಸಾರ. ಆಮೇಲೂ ಅದು ಹೋಗುವುದಿಲ್ಲ, ಅದರ ಮೇಲೇ ಮುಂದಿನದನ್ನು ಕೂಡಿಸುತ್ತಾ ಹೋಗಬೇಕು.

ಪೆಟ್ಟು ನನಗೊಬ್ಬನಿಗೇ ಬೀಳುವುದೂ ಇಲ್ಲ. ಒಂದು ಭಾನುವಾರ ಎದುರಾಳಿ ಮಂತ್ರವಾದಿ ಫೈರ್‌ಬಾಲ್ ಅನ್ನುವ ಬೆಂಕಿ ಉಂಡೆಯ ಮಂತ್ರ ಎಸೆದ. ಅದರ ಪೆಟ್ಟು ಆರು ಮುಖದ ಎಂಟು ದಾಳ, ಸರಾಸರಿ 28. ಒಂದು ಗೀರೂ ಇಲ್ಲದೆ ನಿಂತಿದ್ದ ಬೀರನ ಹತ್ತಿರ 27. ಚುರುಕಾಗಿ ಪಕ್ಕಕ್ಕೆ ಸರಿಯಲು ಹಾಕುವ ಡೆಕ್ಸ್‌ಟೆರಿಟಿ ಸೇವ್ ದಾಳ ಕೂಡ ಕೈಕೊಟ್ಟಿತು, ಆಸಾಮಿ ಅಲ್ಲೇ ಅಂಗಾತ. ಗಾಯ ವಾಸಿಮಾಡುವ ಪೂಜಾರಿ ಪಾತ್ರ ಕ್ಲೆರಿಕ್ ಆಡುವ ಗೆಳತಿ ತನ್ನ ಮಂತ್ರಗಳನ್ನೆಲ್ಲ ನನ್ನನ್ನು ಎಬ್ಬಿಸುವುದಕ್ಕೇ ಸುರಿದಳು. 'ನಾನು ಆಡೋಕೆ ಬಂದಿದ್ದೀನಾ, ನಿನ್ನ ಆಂಬುಲೆನ್ಸ್ ಓಡಿಸೋಕಾ?' ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಷ್ಟೆಲ್ಲ ಆದಮೇಲೆ ಪುಸ್ತಕದ ಅಂಕಿಯನ್ನು ಸರಿಯಾಗಿ ನೋಡಿದೆ. ಹತ್ತು ಮುಖದ ದಾಳದ ನಿಜವಾದ ಸರಾಸರಿ 5.5, ಪುಸ್ತಕ ಕೊಡುವುದು 6. ಪ್ರತಿ ಲೆವೆಲ್‌ಗೂ ಅರ್ಧ ಪಾಯಿಂಟ್ ಕೊಸರು! ದಾಳ ಹಾಕಿದರೆ 6ಕ್ಕಿಂತ ಜಾಸ್ತಿ ಬೀಳುವುದು ಹತ್ತರಲ್ಲಿ ನಾಲ್ಕು ಸಲ, ಕಡಿಮೆ ಬೀಳುವುದು ಐದು ಸಲ. ಇದು ಮೊದಲೇ ಗೊತ್ತಿದ್ದರೆ ಆ 1,200 ಉಳಿಯುತ್ತಿತ್ತು.

ಮಧ್ಯದ ದಾರಿಗಳನ್ನೂ ನೋಡಿದ್ದೇವೆ. ಒಂದು ಬಿದ್ದರೆ ಮತ್ತೆ ಹಾಕು, ಒಂದಲ್ಲದ್ದು ಬರುವವರೆಗೂ ಹಾಕು ಅನ್ನುವ ಮನೆ ನಿಯಮ ಕೇಳೋಕೆ ಉದಾರವಾಗಿದೆ, ಅಲ್ವಾ? 2ರಿಂದ 10ರ ಸರಾಸರಿ ಸರಿಯಾಗಿ 6. ಸುತ್ತಿ ಸುತ್ತಿ ಬಂದು ಪುಸ್ತಕದ ಅಂಕಿಗೇ ನಿಂತಹಾಗಾಯಿತು. ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಂಡರೆ ಸರಾಸರಿ 7.15, ಇದು ನಿಜಕ್ಕೂ ಲಾಭ. ಆಟ ನಡೆಸುವ ನಮ್ಮ ಡಂಜನ್ ಮಾಸ್ಟರ್, ಅಂದರೆ ಡಿಎಂ, ಒಪ್ಪಲಿಲ್ಲ. ಎಲ್ಲರಿಗೂ ಪೂರ್ತಿ ಅಂಕಿ ಕೊಡುವುದನ್ನು ಒಂದು ಸಂಜೆ ಮಾಡಿ ನೋಡಿದೆವು. ಬೀರನಿಗೆ 60. ಯಾರೂ ಸಾಯಲಿಲ್ಲ, ಕಾಳಗವೂ ಮುಗಿಯಲಿಲ್ಲ, ಊಟ ತಣ್ಣಗಾಯಿತು.

ದಾಳದ ಪರವಾಗಿ ಒಂದು ಮಾತು ಹೇಳಲೇಬೇಕು. ಎಲ್ಲರೂ ಎದ್ದು ನಿಂತು ಒಂದು ದಾಳವನ್ನು ನೋಡುವ ಆ ಕ್ಷಣ ಪುಸ್ತಕದ ಅಂಕಿಯಲ್ಲಿ ಇಲ್ಲ. ಅಂಕಿ ಬರೆದುಕೊಳ್ಳುವುದು ಕರೆಂಟ್ ಬಿಲ್ ಕಟ್ಟಿದಷ್ಟೇ ಸಪ್ಪೆ. ಒಂದೇ ಸಂಜೆಯಲ್ಲಿ ಮುಗಿಯುವ ಆಟವಾದರೆ ನಾನೂ ದಾಳವನ್ನೇ ಹಾಕುತ್ತೇನೆ. ವಾರಕ್ಕೆ ಎರಡು ಸಲ ಆಡುವವರಿಗೂ ಅಡ್ಡಿಯಿಲ್ಲ, ಅವರಿಗೆ ಮುಂದಿನ ಲೆವೆಲ್ ಬೇಗ ಬರುತ್ತದೆ. ತಿಂಗಳಿಗೆ ಎರಡೇ ಭಾನುವಾರ ಬಿಡುವು ಸಿಗುವ ನನ್ನಂಥವನಿಗೆ ಆಗುವುದಿಲ್ಲ. ಇನ್ನು ಮನೆಯಲ್ಲಿ ದಾಳ ಹಾಕಿ 10, 9, 10 ಅಂತ ಬರೆದುಕೊಂಡು ಬರುವವರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಕೊನೆಗೆ ಡಿಎಂ ಮನಸ್ಸು ಕರಗಿ, ಬೇಕಾದವರು ಹಳೇ ಲೆಕ್ಕ ಅಳಿಸಿ ಪುಸ್ತಕದ ಅಂಕಿ ಬರೆದುಕೊಳ್ಳಿ ಅಂದ. ಬೀರ 44ಕ್ಕೆ ಏರಿದ. ಚಿಕ್ಕಮ್ಮನ ಮಗನಿಗೆ ಆ ಲೆಕ್ಕದಲ್ಲಿ 32 ಆಗುತ್ತಿತ್ತು, ಅವನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. 'ನಂದು ಕೈಗುಣ' ಅಂದ. ಆರನೇ ಲೆವೆಲ್‌ಗೆ ಅವನಿಗೆ ಬಿದ್ದದ್ದು ಒಂದು. ಈಗ ನನ್ನ ಲೋಹದ ಸೆಟ್ ಸಾಲ ಕೇಳುತ್ತಿದ್ದಾನೆ. ಅರ್ಧ ರೇಟಿಗೆ ಕೊಟ್ಟುಬಿಡಲಾ ಅಂತ ಯೋಚಿಸುತ್ತಿದ್ದೇನೆ.