ಸೋನ್, ರುಂಬಾ, ದಾನ್ಸೋನ್: ಮೊದಲು ಯಾವುದನ್ನು ಕಲಿಯುವುದು?

ಕ್ಯೂಬಾದ ನೃತ್ಯ ಕಲಿಯಲು ಹೊರಟವರು ಮೊದಲು ಜೊತೆಗಾರರಿದ್ದಾರೆಯೇ ಎಂದು ನೋಡಿಕೊಳ್ಳಬೇಕು. ಸೋನ್, ದಾನ್ಸೋನ್ ಎರಡೂ ಜೋಡಿ ನೃತ್ಯಗಳು. ರುಂಬಾದ ಕೊಲುಂಬಿಯಾ ಪ್ರಕಾರವನ್ನು ಮಾತ್ರ ಒಬ್ಬರೇ ಕುಣಿಯುತ್ತಾರೆ. ನರ್ತಕನ ಒಂದೊಂದು ಹೆಜ್ಜೆಗೂ ಕಿಂತೊ ಎಂಬ ಏರುದನಿಯ ಡೋಲು ಅಲ್ಲೇ ಉತ್ತರ ಕೊಡುತ್ತದೆ. ನೋಡುವವರಿಗೆ ಮೈ ಜುಮ್ಮೆನ್ನುತ್ತದೆ, ಕಲಿಯುವವರಿಗೆ ಮಾತ್ರ ಬಲು ಕಠಿಣ. ರುಂಬಾವೇ ಬೇಕೆಂದರೆ ಅದರ ನಿಧಾನಗತಿಯ ಪ್ರಕಾರವಾದ ಯಾಂಬೂವಿನಿಂದ ತೊಡಗಿ.

ವಾದ್ಯದ ಖರ್ಚು ರುಂಬಾಕ್ಕೆ ಕಡಿಮೆ: ಡೋಲು, ಕ್ಲಾವೆ ಕಡ್ಡಿಗಳು, ಕಂಠ ಇದ್ದರಾಯಿತು. ಹವಾನಾ, ಮತಾನ್ಸಾಸ್ ಬಂದರುಗಳ ಕಾರ್ಮಿಕರು ಸರಕಿನ ಮರದ ಪೆಟ್ಟಿಗೆಗಳನ್ನೇ ಬಾರಿಸುತ್ತಿದ್ದರು. ಸೋನ್‌ಗೆ ಮೂರು ಜೋಡಿ ತಂತಿಗಳ ತ್ರೆಸ್ ಎಂಬ ಗಿಟಾರ್ ಮತ್ತು ಬೊಂಗೊ ಎಂಬ ಪುಟ್ಟ ಜೋಡಿ ಡೋಲು ಬೇಕು. 1879ರಲ್ಲಿ ಮತಾನ್ಸಾಸ್‌ನಲ್ಲಿ ಸಂಗೀತಗಾರ ಮಿಗೆಲ್ ಫಾಯ್ಲ್ದೆ ಜನರ ಮುಂದಿಟ್ಟ ದಾನ್ಸೋನ್‌ಗಂತೂ ದೊಡ್ಡ ವಾದ್ಯವೃಂದವೇ ರೂಢಿ.

ದಾನ್ಸೋನ್‌ನಲ್ಲಿ ಆರಂಭದ ಭಾಗ ಮರಳಿ ಬಂದಾಗಲೆಲ್ಲ ಜೋಡಿಗಳು ಕುಣಿತ ನಿಲ್ಲಿಸಿ ಸಂಗೀತ ಕೇಳುತ್ತವೆ. ಬೇಗ ದಣಿಯುವವರಿಗೆ ನಾನು ಹೇಳುವುದು ಇದನ್ನೇ. ಮುಂದೆ ಸಾಲ್ಸಾ ಕಲಿಯುವ ಆಸೆಯಿದ್ದರೆ ಪೂರ್ವ ಕ್ಯೂಬಾದ ಸೋನ್ ಹಿಡಿಯಿರಿ. ಸಾಲ್ಸಾದ ಮುಖ್ಯ ಬೇರು ಅಲ್ಲಿದೆ. ತಾಳವಾದ್ಯ ನುಡಿಸುವವರು ರುಂಬಾದತ್ತ ಹೋಗಲಿ.