ಅಜ್ಜಿಯ ಹಿತ್ತಾಳೆ ಪಾತ್ರೆಗೆ ಉಡುಪಿಯಲ್ಲಿ ಕಲಾಯಿ ಹಾಕಿಸಿದೆ

ಅಟ್ಟದಲ್ಲಿದ್ದ ಅಜ್ಜಿಯ ಹಿತ್ತಾಳೆ ಪಾತ್ರೆಯನ್ನು ಗುಜರಿಗೆ ಹಾಕುವ ಅಂತ ಮನೆಯಲ್ಲಿ ಹೇಳಿದಾಗ ನನಗೆ ತಡೆಯಲಾಗಲಿಲ್ಲ. ಕಲಾಯಿ, ಅಂದರೆ ಒಳಗೆ ತವರದ ಲೇಪ, ಹಾಕಿಸಲು ರಥಬೀದಿ ಹತ್ತಿರದ ಒಂದು ಸಣ್ಣ ಪಾತ್ರೆ ಅಂಗಡಿಗೆ ಕೊಂಡುಹೋದೆ. ಸುಮ್ನೆ ಕೊಟ್ಟು ಬರಬೇಡಿ, ನಿಂತು ನೋಡಿ. ಪಾತ್ರೆ ಉಜ್ಜಿ ತೊಳೆದು, ಇದ್ದಿಲ ಬೆಂಕಿಯಲ್ಲಿ ಕಾಯಿಸಿ, ನವಸಾಗರ ಎಂಬ ಲವಣದ ಪುಡಿ ಎರಚಿ, ತವರದ ಕಡ್ಡಿ ಮುಟ್ಟಿಸಿದ ಕೂಡಲೇ ಅದು ಕರಗುತ್ತದೆ, ಆಗ ಹತ್ತಿ ಹಿಡಿದು ಒಳಗೆಲ್ಲ ಬೇಗಬೇಗ ಒರೆಸುತ್ತಾರೆ, ನೋಡನೋಡುತ್ತಲೇ ಬೆಳ್ಳಿಯಂಥ ಹೊಳಪು. ಎಷ್ಟು ಚಂದ ಗೊತ್ತುಂಟಾ!

ಒಂದೇ ಕೊರತೆ, ಕಂಠದ ಕೆಳಗೆ ಸ್ವಲ್ಪ ಜಾಗ ಬಿಟ್ಟುಹೋಗಿತ್ತು. ಮರುದಿನ ತೋರಿಸಿದೆ, ದುಡ್ಡು ಕೇಳದೆ ಸರಿಮಾಡಿ ಕೊಟ್ಟರು.

ನಮ್ಮ ಕಡೆ ಅಡುಗೆಗೆ ಹುಣಸೆಹುಳಿ ಜಾಸ್ತಿ ಅಲ್ವಾ, ಕಲಾಯಿ ಹೋದ ಹಿತ್ತಾಳೆಯಲ್ಲಿ ಹುಳಿ ಕುದಿಸಿದರೆ ಹಿತ್ತಾಳೆಯಲ್ಲಿರುವ ತಾಮ್ರ ಅಡುಗೆಗೆ ಇಳಿಯುತ್ತದೆ. ಹಾಗಾಗಿ ಒಳಗೆ ಹಳದಿ ಕಾಣತೊಡಗಿದರೆ ಮತ್ತೆ ಹಾಕಿಸಲೇಬೇಕು. ಖಾಲಿ ಪಾತ್ರೆಯನ್ನು ಉರಿಯ ಮೇಲೆ ಬಿಡಬೇಡಿ, ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಸ್ಟೀಲ್ ಸ್ಕ್ರಬ್ಬರ್ ಬೇಡ, ತೆಂಗಿನ ನಾರು ಸಾಕು. ಮರದ ಸೌಟು ಬಳಸಿ. ಮೊನ್ನೆ ಭಾನುವಾರ ಅದರಲ್ಲೇ ಸೌತೆಕಾಯಿ ಹುಳಿ ಮಾಡಿದೆವು, ಗುಜರಿಗೆ ಹಾಕುವ ಎಂದವರೇ ಎರಡು ಸಲ ಬಡಿಸಿಕೊಂಡರು.