ಕಾಂಟಮಾಂಟೊದಲ್ಲಿ ಹಳೇ ಫುಟ್‌ಬಾಲ್ ಬೂಟು ಕೊಳ್ಳೋದಾದರೆ

ಘಾನಾ ರಾಜಧಾನಿ ಅಕ್ರಾದಲ್ಲಿರುವ ನಮ್ಮವರು ಯಾರಾದರೂ ಪರಿಚಯದ ಹುಡುಗನಿಗೆ ಫುಟ್‌ಬಾಲ್ ಬೂಟು ಕೊಡಿಸಬೇಕು ಅಂದುಕೊಂಡಿದ್ದರೆ ಮಾಲ್‌ಗೆ ಹೋಗಬೇಡಿ. ಹಳೇ ರೈಲ್ವೆ ಸ್ಟೇಷನ್ ಪಕ್ಕದ ಕಾಂಟಮಾಂಟೊ ಮಾರ್ಕೆಟ್‌ಗೆ ಹೋಗಿ. ಯುರೋಪಿನವರು ಹಾಕಿಬಿಟ್ಟ ಬಟ್ಟೆ, ಶೂ ಮೂಟೆಗಟ್ಟಲೆ ಬಂದು ಬೀಳುವ ಜಾಗ ಅದು. 2025ರ ಜನವರಿಯಲ್ಲಿ ಬೆಂಕಿ ಬಿದ್ದು ಬಹುಪಾಲು ಸುಟ್ಟಿತ್ತು. ವ್ಯಾಪಾರಿಗಳು ಮತ್ತೆ ಮರದ ಅಂಗಡಿ ಕಟ್ಟಿಕೊಂಡು ಕೂತಿದ್ದಾರೆ.

ನಾನು ಹೋಗಿದ್ದು ನಮ್ಮ ಗೋಡೌನ್ ಡ್ರೈವರ್ ಮಗನ ಜೊತೆ. ಹದಿನಾಲ್ಕು ವರ್ಷ, ಮನೆ ಅಕ್ರಾದ ನೀಮಾ ಬಡಾವಣೆಯಲ್ಲಿ, ಒಂದು ಕೋಲ್ಟ್ಸ್ (ಹುಡುಗರ) ಟೀಮಿನಲ್ಲಿ ಲೆಫ್ಟ್ ವಿಂಗ್ ಆಡುತ್ತಾನೆ. ಘಾನಾದ ಹೆಸರಾಂತ ಫುಟ್‌ಬಾಲ್ ಆಟಗಾರ ಮೊಹಮ್ಮದ್ ಕುದುಸ್ ಬೆಳೆದದ್ದೂ ನೀಮಾದಲ್ಲೇ. ಹಾಗಾಗಿ ಅಲ್ಲಿ ಪ್ರತಿ ಮನೆಯಲ್ಲೂ ಒಬ್ಬ ಕುದುಸ್ ಇದ್ದಾನೆ ಅಂದುಕೊಳ್ಳಿ.

ಹೊಳಪು ನೋಡಿ ಮರುಳಾಗಬೇಡಿ, ಬೂಟು ತಿರುಗಿಸಿ ಅಡಿ ನೋಡಿ. ಇಂಗ್ಲೆಂಡ್ ಕಡೆಯಿಂದ ಬರುವುದರಲ್ಲಿ ಲೋಹದ ಮೊಳೆಯವು ಜಾಸ್ತಿ. ಅವು ಒದ್ದೆ ಹುಲ್ಲಿಗೆ ಮಾಡಿದ್ದು. ನೀಮಾ ಹುಡುಗರು ಆಡೋದು ಕಲ್ಲುಪುಡಿ ತುಂಬಿದ ಕೆಂಪು ನೆಲದ ಮೇಲೆ. ಅಲ್ಲಿ ಅದನ್ನು ಹಾಕಿ ಓಡಿದರೆ ಮಂಡಿ, ಹಿಮ್ಮಡಿ ಎರಡೂ ಕೆಟ್ಟಂತೆ. ಗಿಡ್ಡ ರಬ್ಬರ್ ಮೊಳೆ ಇರೋದನ್ನೇ ಆರಿಸಿ. ಮಕ್ಕಳ ಸೈಜಿನವು ಹೆಚ್ಚು ಸವೆದಿರಲ್ಲ, ಕಾಲು ಬೆಳೆದುಬಿಡುತ್ತೆ, ಅಲ್ವಾ? ನನ್ನ ಮುಖ ನೋಡಿ ಅಂಗಡಿಯವನು 400 ಸೆಡಿ (ಘಾನಾದ ದುಡ್ಡು) ಅಂದ. ಹುಡುಗ ಅಲ್ಲಿನ ಟ್ವಿ ಭಾಷೆಯಲ್ಲಿ ಬಾಯಿ ತೆರೆದ ಮೇಲೆ 180ಕ್ಕೆ ಇಳಿಯಿತು. ವಾಪಸ್ ತಗೊಳ್ಳೋದು, ಬಿಲ್ಲು ಎಲ್ಲಾ ಸುಮ್ನೆ ಮರೆತುಬಿಡಿ.

ಆದರೂ ಈ ಹುಡುಗರ ಸುತ್ತ ನಡೆಯುವ ವ್ಯಾಪಾರದಲ್ಲಿ ನನಗೆ ನೇರ ಅನಿಸಿದ್ದು ಇದೊಂದೇ. ಕೊಟ್ಟ ದುಡ್ಡಿಗೆ ಏನು ಸಿಗುತ್ತೆ ಅನ್ನೋದು ಕೈಯಲ್ಲೇ ಇರುತ್ತೆ. ಅದೇ ಹುಡುಗನ ಅಪ್ಪನ ಹತ್ತಿರ ಒಬ್ಬ 'ಏಜೆಂಟ್' ಬಂದಿದ್ದ. ಯುರೋಪಿನಲ್ಲಿ ಟ್ರಯಲ್ ಕೊಡಿಸ್ತೀನಿ, ಮೊದಲು ವೀಸಾ ಖರ್ಚು ಕೊಡಿ ಅಂದನಂತೆ. ಡ್ರೈವರ್ ಸಾಲಕ್ಕೆ ನನ್ನ ಹತ್ತಿರ ಬಂದಾಗ ವಿಷಯ ಗೊತ್ತಾಯಿತು. ಫಿಫಾ ನಿಯಮದಲ್ಲಿ 18 ತುಂಬದ ಹುಡುಗನನ್ನು ಬೇರೆ ದೇಶದ ಕ್ಲಬ್ಬಿಗೆ ಸೇರಿಸಿಕೊಳ್ಳುವ ಹಾಗಿಲ್ಲ, ಕೆಲವೇ ವಿನಾಯಿತಿ ಇವೆ. ಕುದುಸ್ ಕೂಡ ಡೆನ್ಮಾರ್ಕಿನಲ್ಲಿ ಮೊದಲ ಪಂದ್ಯ ಆಡಿದ್ದು 2018ರಲ್ಲಿ, 18 ತುಂಬಿ ಮೂರು ದಿನಕ್ಕೆ. ಕುದುಸ್ ಕಲಿತ ರೈಟ್ ಟು ಡ್ರೀಮ್ ಫುಟ್‌ಬಾಲ್ ಅಕಾಡೆಮಿ ಆರಿಸಿಕೊಂಡ ಹುಡುಗರಿಗೆ ಊಟ, ವಸತಿ, ಓದು ಎಲ್ಲಾ ತಾನೇ ನೋಡಿಕೊಳ್ಳುತ್ತೆ. ಇಷ್ಟು ಹೇಳಿದೆ. ಸಾಲ ಕೊಡಲಿಲ್ಲ. ಡ್ರೈವರ್‌ಗೆ ನನ್ನ ಮೇಲೆ ಇನ್ನೂ ಸ್ವಲ್ಪ ಮುನಿಸಿದೆ.

ಬೂಟಿಗೆ ಐದರಲ್ಲಿ ನಾಲ್ಕು ಅಂಕ. ಒಂದು ಕಳೆದಿದ್ದು ಸೋಲ್‌ಗೆ. ಕೆಲವೇ ವಾರಕ್ಕೆ ಮುಂದುಗಡೆ ಬಾಯಿ ಬಿಟ್ಟಿತು. ಹಳೇ ಅಂಟು ಈ ಬಿಸಿಲಿಗೆ ನಿಲ್ಲಲ್ಲ. ಮರದ ಪೆಟ್ಟಿಗೆ ಬಡಿಯುತ್ತಾ ಬೀದಿ ಸುತ್ತುವ ಶೂ ರಿಪೇರಿ ಹುಡುಗರು ಇರುತ್ತಾರೆ. ಕೊಂಡ ದಿನವೇ ಅವರ ಹತ್ತಿರ ಸುತ್ತಲೂ ಹೊಲಿಗೆ ಹಾಕಿಸಿಬಿಡಿ.